ಎರಡನೇ ಗೇಟ್

ಆರೂ ಪೇಪರ್ ಒಂದ ವರ್ಷಕ್ಕ ಹೊರೂದು ಬ್ಯಾಡ ಅಂದವರು
ಹುದಲಿ ಸರ್. ಗಣಿತದ ಮಾಸ್ತರು,
ಭಾಗಾಕಾರದ ಮ್ಯಾಲ ಭಾಳ ನಂಬಿಕಿ.
"ಮೂರು ಈ ವರ್ಷ, ಮೂರು ಮುಂದಿನ ವರ್ಷ,
ಶೇಷ ಸೊನ್ನೆ" ಅಂತ
ಖಡುವಿನ ಕೈ ಝಾಡಿಸಿದರು.

ಆಗ ನನ್ನ ಬೆರಳಿನ ಗೆಣ್ಣು ಬಾತಿದ್ದವು.
ಕೀಲಿನ್ಯಾಗ ಬಂದ ಜ್ವರ ಎದಿಗೆ ಇಳದಿತ್ತು.
ಇಪ್ಪತ್ತೊಂದು ದಿನಕ್ಕೊಮ್ಮೆ ಸೂಜಿ.
ಜಿಲ್ಲಾ ಆಸ್ಪತ್ರಿ ಬಾಕಿನ ಮ್ಯಾಲ ಒಂದ ಮಗ್ಗಲಾ ಕುಂತು
ದತ್ತು ಮಕ್ಕಳಿಗೆ ಹಕ್ಕಿಲ್ಲ ಅನ್ನೂ ಪಾಠ ಓದೀನಿ.
ನರ್ಸಬಾಯಿ ಕೇಳತಿದ್ದಳು,
"ಹತ್ತನೇತ್ತೇನ? ಇನ್ನೂ?"

ಅಪ್ಪಗ ಬಿಡಿಸಿ ಹೇಳೂದು ಬೇಕಾಗಲಿಲ್ಲ.
ಉದ್ಯಮಬಾಗದ ಫೌಂಡ್ರಿಯೊಳಗ
ಇಪ್ಪತ್ತೆರಡು ವರ್ಷ ಮರಳಿನ ಅಚ್ಚು ಕಟ್ಟಿದಾಂವ.
"ದೊಡ್ಡ ಎರಕ ಹೊಯ್ದ್ರ ರಾತ್ರೆಲ್ಲಾ ಆರಾಕ ಬಿಡ್ತೀವಿ.
ಗಡಿಬಿಡಿ ಮಾಡಿ ಅಚ್ಚು ಒಡದ್ರ
ಕಣ್ಣಿಗೆ ಕಾಣದ ಸೀಳು ಬೀಳತೈತಿ" ಅಂದು
ರೊಟ್ಟಿ ಮುರದ.

ಸದಲಗಾದ ಅತ್ತಿ ಮಾತ್ರ ಫೋನಿನ್ಯಾಗ ದನಿ ಇಳಿಸಿ
"ನಪಾಸ ಅಂತಲ್ಲ ಹುಡುಗಿ?"
"ಇಲ್ಲ ವೈನಿ, ಅರ್ಧಾ ಉಳಿಸ್ಯಾಳ"
ಅಂದಳು ಅವ್ವ, ಉಪ್ಪಿನಕಾಯಿ ಸುದ್ದಿ ಹೇಳಿದಂಗ.

ಅಂಕಪಟ್ಟಿ ಬಂತು. ಕನ್ನಡ ನೂರಾ ಒಂಬತ್ತು,
ಹಿಂದಿ ಎಪ್ಪತ್ತೆರಡು, ಸಮಾಜ ಎಂಬತ್ತೊಂದು.
ಉಳಿದ ಮೂರೂ ಮನಿಯೊಳಗ
ಗೈರು. ಗೈರು. ಗೈರು.
ಗೈರು ಇದ್ದಾಕಿ ಎಲ್ಲಿದ್ದಳು ಅನ್ನೂದು ಕಾಗದಕ್ಕ ಗೊತ್ತಿಲ್ಲ.
ಗಣಿತದ ದಿನ ಮಾಳಿಗಿ ಮ್ಯಾಲ
ಹಪ್ಪಳದ ಬಾಜೂಕ ಕಾಲು ಚಾಚಿ ಕುಂತಿದ್ದೆ.
ಹತ್ತೂವರಿ ಆತು.
ಬಲಗೈ ತಾನಾಗೇ ಪೆನ್ನು ಹುಡುಕಿತು.

ಜೂನ್ ತಿಂಗಳು ನಮ್ರತಾ, ರಿಜ್ವಾನಾ, ಮುಚ್ಚಂಡಿ ಸುರೇಖಾ
ಎರಡು ಜಡಿ ಬಿಚ್ಚಿ ಒಂದು ಮಾಡಿಕೊಂಡು
ಕಾಲೇಜಿಗೆ ಹೋದರು.
ನನಗ ಇನ್ನೊಂದು ವರ್ಷ ಎರಡ ಜಡಿ, ಕೆಂಪು ರಿಬ್ಬನ್.
ಅವ್ವ ಅದೇ ಸ್ಕರ್ಟಿನ ಅಂಚು ಬಿಚ್ಚಿ
ಎರಡು ಬೆರಳು ಇಳಿಸಿದಳು.
ಮಡಿಕಿಯೊಳಗಿನ ನೀಲಿ ಇನ್ನೂ ಹೊಸಾದಿತ್ತು,
ಮಾಸಿದ ಬಟ್ಟಿಗೆ ಬಾರ್ಡರ್ ಹಚ್ಚಿದಂಗ.

ಶೇಷ ಸೊನ್ನೆ ಅಲ್ಲ, ಸರ್.
ಡಬ್ಬಿ ಬಿಚ್ಚಿದ್ರ ಜೋಡಿ ಕುಂದ್ರಾವರಿಲ್ಲ.

ಅದೇ ವರ್ಗ, ಅದೇ ಕಿಟಕಿ,
ಎರಡು ಸಾಲು ಮುಂದ ನನ್ನ ತಮ್ಮ ಭರತೇಶ.
ಯಾರಲೇ ಆಕಿ ಅಂತ ಕೇಳಿದ್ರ
"ನಮ್ಮ ಓಣ್ಯಾಕಿ" ಅಂದನಂತ.
ಮನಿಗೆ ಬಂದು, ದನಿ ಸಣ್ಣಗ ಮಾಡಿ,
"ಅಕ್ಕಾ, ತ್ರಿಕೋನಮಿತಿ ಒಂದಿಷ್ಟು..."
ನಾನೂ ಹೇಳಿಕೊಟ್ಟೆ. ಓಣ್ಯಾಂವ ಅಂತ.

ವಿಜ್ಞಾನದ ಪೇಪರಿನ ಮುಂಜಾನೆ
ತಿಲಕವಾಡಿ ಎರಡನೇ ಗೇಟ್ ಬಿತ್ತು.
ಸ್ಕೂಟರ್ ಎಂಜಿನ್ ಒಂದೊಂದ ಆರಿದವು.
ಹಾಲಿನಾಂವ ಬಗ್ಗಿ ದಾಟಿದ, ಹುಡುಗೂರು ದಾಟಿದರು,
ಭರತೇಶನೂ ಕೋಲಿನ ಕೆಳಗ ನುಸುಳಿ ಆಚಿಗೆ ಹೋದ.
ನನ್ನ ಮೊಣಕಾಲು ಅಷ್ಟು ಬಗ್ಗೂದಿಲ್ಲ.

ಗೂಡ್ಸ್ ಗಾಡಿ. ಉದ್ದನ್ನ ಗಾಡಿ.
ಡಬ್ಬಿ ಡಬ್ಬಿ ನಡುವಿನ ಸಂದಿಯೊಳಗ
ತುಣುಕು ತುಣುಕಾಗಿ ತಮ್ಮ ಕಂಡ:
ಒಂದು ಭುಜ, ಇನ್ ಮಾಡದ ಅಂಗಿ,
ಎದಿಗೆ ಅವಚಿದ ಕಂಪಾಸ್ ಡಬ್ಬಿ.
ಇಬ್ಬರ ಹಾಲ್ ಟಿಕೆಟ್ಟೂ ಅದರಾಗ ಅವ.
ಗೆಳ್ಯಾರು ಹೋಗಿ ಸಾಕಷ್ಟು ಹೊತ್ತಾಗಿರಬೇಕು.
ನಿಂತಾನ. ಕಲ್ಲು ಒದಕೋತ ನಿಂತಾನ.

ನಾನು ಡಬ್ಬಿ ಎಣಸಾಕ ಹತ್ತಿದೆ.
ಮೂವತ್ತಕ್ಕ ಯಾರೋ ಹಾರ್ನ್ ಹೊಡದು ಲೆಕ್ಕ ತಪ್ಪಿತು.
ಒಂದರಿಂದ ಮತ್ತ ಸುರು ಮಾಡಲಿಲ್ಲ.
ಮೂವತ್ತೊಂದು, ಅಂದೆ.
ಮೂವತ್ತೆರಡು.